ಶತ್ರುವನ್ನು ಅರಿಯುವ ವಿದ್ಯೆ

ಹಣ್ಣಿನ ಮರವನ್ನು ನೆಡುವವನು ಬಹುಕಾಲದ ಫಲವನ್ನು ನಂಬಿ ನೆಡುತ್ತಾನೆ. ವರ್ಷದ ಪೈರಿಗೆ ಹುಳು ಬಿದ್ದರೆ ಒಂದು ಬೆಳೆ ಹೋದೀತು. ಮರಗಳ ತೋಪಿಗೆ ಬಿದ್ದರೆ ಹತ್ತಾರು ವರ್ಷಗಳ ದುಡಿಮೆಯೇ ಮಣ್ಣುಪಾಲಾದೀತು. ಆದುದರಿಂದ ಕೀಟವನ್ನು ಕಂಡೊಡನೆ ರೈತನ ಕೈ ವಿಷದತ್ತ ಚಾಚುವುದು ಸಹಜ. ಆದರೆ ಕೀಟವನ್ನು ಕೊಲ್ಲುವ ಮುನ್ನ ಅದನ್ನು ಅರಿಯಬೇಕೆಂಬುದೇ ಈ ಕ್ಷೇತ್ರದ ಸಂಶೋಧನೆಯು ಕಲಿಸಿರುವ ಹಿರಿಯ ಪಾಠ.

ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳಲ್ಲಿ ಅಜ್ಜ ನೆಟ್ಟ ಆಲಿವ್ ಮರದ ಕಾಯನ್ನು ಮೊಮ್ಮಗನು ಗಾಣಕ್ಕೆ ಹಾಕುತ್ತಾನೆ. ಆ ಕಾಯಿಗೆ ಆಲಿವ್ ನೊಣವೇ ದೊಡ್ಡ ಕಂಟಕ. ಹೆಣ್ಣು ನೊಣವು ಕಾಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ತಿರುಳನ್ನು ಕೊರೆದು ತಿಂದು ಬೆಳೆಯುತ್ತದೆ. ಕಾಯಿ ಅಕಾಲದಲ್ಲಿ ಉದುರುತ್ತದೆ. ಉಳಿದವುಗಳ ಎಣ್ಣೆಯೂ ಹುಳಿಯೇರಿ ಕೆಡುತ್ತದೆ. ಈ ನೊಣದ ದಿನಚರಿಯನ್ನು ತಾಳ್ಮೆಯಿಂದ ಅಭ್ಯಸಿಸಿದವರಿಗೆ ಅದರ ದೌರ್ಬಲ್ಯವೂ ತಿಳಿಯಿತು. ಮೊಟ್ಟೆಗಳು ಬಲಿಯಲು ಹೆಣ್ಣಿಗೆ ಪ್ರೋಟೀನು ಬೇಕು. ಹೀಗಾಗಿ ಮರವನ್ನೆಲ್ಲ ವಿಷದಲ್ಲಿ ತೋಯಿಸದೆ, ಪ್ರೋಟೀನಿನ ಆಮಿಷವೊಡ್ಡಿ ನೊಣವನ್ನು ಹಿಡಿಯುವ ಉಪಾಯವು ರೂಪುಗೊಂಡಿತು.

ಕೆಲವೆಡೆ ಈ ಅರಿವು ಇನ್ನೂ ಆಳಕ್ಕೆ ಇಳಿದು, ಕೀಟದ ಸ್ವಾಭಾವಿಕ ವೈರಿಯನ್ನೇ ಹುಡುಕಿಕೊಟ್ಟಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ ಮರಗಳನ್ನು ಹತ್ತಿಯಂತಹ ಬಿಳಿಯ ಚೀಲ ಹೊತ್ತ ಒಂದು ಶಲ್ಕಕೀಟವು ಮುತ್ತಿತು. ಅದು ಆಸ್ಟ್ರೇಲಿಯಾದಿಂದ ಬಂದುದೆಂದು ತಿಳಿದ ವಿಜ್ಞಾನಿಗಳು, ಅಲ್ಲಿ ಅದನ್ನು ಹದ್ದಿನಲ್ಲಿಟ್ಟಿರುವುದು ಯಾವುದೆಂದು ಕೇಳಿದರು. ಕೀಟತಜ್ಞರ ವಿದೇಶ ಪ್ರಯಾಣಕ್ಕೆ ಸರ್ಕಾರದ ಹಣ ಬಳಸುವಂತಿರಲಿಲ್ಲ. ಮೆಲ್ಬೋರ್ನಿನ ವಸ್ತುಪ್ರದರ್ಶನದ ವೆಚ್ಚದಲ್ಲಿ ಆಲ್ಬರ್ಟ್ ಕೋಬೆಲೆ 1888ರಲ್ಲಿ ಅಲ್ಲಿಗೆ ಹೋದರು. ಮೊದಲ ಕಂತುಗಳಲ್ಲಿ ಅವರು ಕಳುಹಿಸಿದ ಗುಲಗಂಜಿ ಹುಳುಗಳು ಕೇವಲ 129. ಡೇರೆ ಹೊದಿಸಿದ ಮರದಲ್ಲಿ ಅವು ವೃದ್ಧಿಯಾದವು. 1889 ಮುಗಿಯುವುದರೊಳಗೆ ತೋಟಗಳು ಚೇತರಿಸಿಕೊಂಡವು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತಾಯಿತು.

ಗೆದ್ದವರು ಗೆಲುವಿನ ಕಾರಣವನ್ನು ಮರೆಯುವುದುಂಟು. 1940ರ ದಶಕದಲ್ಲಿ ಅದೇ ಸೀಮೆಯ ತೋಟಗಳಲ್ಲಿ ಡಿ.ಡಿ.ಟಿ. ಸಿಂಪಡಿಸಿದಾಗ ಸತ್ತದ್ದು ಕಾವಲಿದ್ದ ಗುಲಗಂಜಿ ಹುಳು. ತಲೆಯೆತ್ತಿದ್ದು ಹಳೆಯ ಶಲ್ಕಕೀಟ. ವಿಷಕ್ಕೆ ಮಿತ್ರನೂ ಶತ್ರುವೂ ಒಂದೇ.

ಕರ್ನಾಟಕದ ರೈತರಿಗೂ ಈ ವಿದ್ಯೆಯ ಫಲ ದೊರೆತಿದೆ. ಮೆಕ್ಸಿಕೊ ಮೂಲದ ಪಪಾಯಿ ಹಿಟ್ಟುತಿಗಣೆಯು 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ನೆರೆಯ ರಾಜ್ಯಗಳ ಪಪಾಯಿಯನ್ನೂ ಹಿಪ್ಪುನೇರಳೆಯನ್ನೂ ಹಾಳುಮಾಡಿತು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಪ್ರಮುಖ ಕೀಟಗಳ ಬ್ಯೂರೊ ಪೋರ್ಟೊ ರಿಕೊದಿಂದ ಸಣ್ಣ ಪರಾವಲಂಬಿ ಕಣಜಗಳನ್ನು ತರಿಸಿ, ಪರೀಕ್ಷಿಸಿ, ತೋಟಗಳಿಗೆ ಬಿಡಿಸಿತು. ತಿಗಣೆಯ ಹಾವಳಿ ಬಹುಮಟ್ಟಿಗೆ ಇಳಿಯಿತು.

ಹಾಗೆಂದು ಪ್ರತಿಯೊಂದು ಕೀಟಕ್ಕೂ ಇಂತಹ ಮದ್ದು ಸಿದ್ಧವಾಗಿದೆಯೆಂದು ಭಾವಿಸುವುದು ತಪ್ಪು. ಆಲಿವ್ ನೊಣದ ಮೇಲೆ ಬಾಳುವ ಒಂದು ಕಣಜವು 1910ರಷ್ಟು ಹಿಂದೆಯೇ ಟ್ಯುನೀಸಿಯಾದಲ್ಲಿ ಕಂಡುಬಂದಿತು. ಯೂರೋಪಿನ ತೋಪುಗಳಲ್ಲಿ ಮತ್ತೆ ಮತ್ತೆ ಬಿಟ್ಟರೂ ಅದರಿಂದ ನಿರೀಕ್ಷಿಸಿದ ಜಯ ದೊರೆಯಲಿಲ್ಲ. ಹೊರಗಿನ ಜೀವಿಯನ್ನು ಪರೀಕ್ಷಿಸದೆ ತಂದರೆ ಅದೇ ಹೊಸ ಪೀಡೆಯಾದೀತು. ಅನಿವಾರ್ಯವಾದಾಗ ವಿಷವೂ ಬೇಕಾದೀತು; ಎಲ್ಲಿ, ಎಷ್ಟು, ಎಂದು ಬಳಸಬೇಕೆಂಬುದನ್ನು ಹೇಳಬೇಕಾದುದೂ ಅರಿವೇ.

ಈ ಅರಿವು ಒಂದು ದಿನದಲ್ಲಿ ಹುಟ್ಟುವಂಥದಲ್ಲ. ನೊಣದ ರೆಕ್ಕೆ ಎಣಿಸುತ್ತ ಕುಳಿತವನ ಕೆಲಸವು ಜನಕ್ಕೆ ವ್ಯರ್ಥವೆಂದು ತೋರಬಹುದು. ಸಂಕಟ ಬಂದಾಗ ವೆಂಕಟರಮಣ ಎಂಬಂತೆ, ತೋಟ ಒಣಗಿದ ಮೇಲೆ ಅವನನ್ನು ನೆನೆಯುವುದು ಲೋಕರೂಢಿ. ವಿವೇಕಿಯಾದ ಸಮಾಜವಾದರೋ ಮರ ಹಸಿರಾಗಿರುವಾಗಲೇ ಅವನಿಗೆ ಅನ್ನವನ್ನೂ ಅವಕಾಶವನ್ನೂ ಒದಗಿಸಬೇಕು. ಮುಂದಿನ ಪೀಳಿಗೆಗೆ ಹಣ್ಣು ಸಿಕ್ಕಬೇಕಾದರೆ ಗಿಡ ನೆಟ್ಟರಷ್ಟೇ ಸಾಲದು. ಗಿಡವನ್ನು ಕಾಯುವ ವಿದ್ಯೆಯನ್ನೂ ನೆಡಬೇಕು.