ಹದಿನೇಳು ರೂಪಾಯಿಯ ಅಡಿಕೆ ಮರ

ಭಾಗ 1
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂದ್ರೆ ಸರ್ಕಾರಿ ಕಡತಕ್ಕೆ ಮೊದಲು ನೆನಪಾಗೋದು ಬರ. ಏಪ್ರಿಲ್-ಮೇ ತಿಂಗಳ ರಾತ್ರಿ ಬಂದು, ಶೀಟು ಹಾರಿಸಿ, ತೋಟ ಮಲಗಿಸಿ ಹೋಗೋ ಗಾಳಿಗೆ ಆ ಕಡತದಲ್ಲಿ ಒಂದು ಸಾಲೂ ಕಷ್ಟ.

ಟಿವಿಯವರು ಎಲ್ಲದಕ್ಕೂ ಸುಂಟರಗಾಳಿ ಅಂತಾರೆ. ಅಮೆರಿಕದ ವಿಡಿಯೋಗಳಲ್ಲಿ ಸೊಂಡಿಲಿನ ಹಾಗೆ ಇಳಿಯುತ್ತಲ್ಲ, ನಮ್ಮದು ಬಹುತೇಕ ಅದಲ್ಲ. ದಿನವಿಡೀ ಕಾದ ನೆಲದ ಮೇಲೆ ಗುಡುಗುಮೋಡ ಕಟ್ಟುತ್ತೆ. ಬೀಳೋ ಹನಿ ಆವಿಯಾಗ್ತಾ ಸುತ್ತಲ ಗಾಳಿ ತಣ್ಣಗಾಗಿ ಭಾರವಾಗುತ್ತೆ, ಧೊಪ್ಪನೆ ಕೆಳಗಿಳಿದು ನೆಲಕ್ಕೆ ಬಡಿದು ಹರಡುತ್ತೆ. ಅದಕ್ಕೇ ತೋಟದಲ್ಲಿ ಮರಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿರುತ್ತವೆ.

ಭಾಗ 2
ಈಗ ದುಡ್ಡಿನ ವಿಚಾರಕ್ಕೆ ಬನ್ನಿ. 2022-26ರ ಅವಧಿಗೆ ಕೇಂದ್ರ ಹೊರಡಿಸಿದ ವಿಪತ್ತು ಪರಿಹಾರ ನಿಯಮದಲ್ಲಿ 12 ವಿಕೋಪಗಳಿವೆ. ಚಂಡಮಾರುತ, ಸುನಾಮಿ, ಹಿಮಕುಸಿತ ಎಲ್ಲಾ ಇದೆ. ಪಾವಗಡದಲ್ಲಿ ಹಿಮ ಕುಸಿದ್ರೆ ಚಿಂತೆಯಿಲ್ಲ ಸ್ವಾಮಿ! ಆಲಿಕಲ್ಲೂ ಇದೆ. ಬರೀ ಬಿರುಗಾಳಿ ಇಲ್ಲ. ಅಂದ್ರೆ ಗಾಳಿ ಜೊತೆ ಆಲಿಕಲ್ಲು ಬಿದ್ರೆ ಅದು ವಿಕೋಪ, ಬೀಳದಿದ್ರೆ ಅದೇ ಮುರಿದ ಮರ ನಿಮ್ಮ ಹಣೆಬರಹ. ರಾಜ್ಯ ಮನಸ್ಸು ಮಾಡಿದ್ರೆ ಸ್ಥಳೀಯ ವಿಕೋಪ ಅಂತ ಘೋಷಿಸಿ, ವಿಪತ್ತು ನಿಧಿಯ ಶೇ. 10ರ ಮಿತಿಯಲ್ಲಿ ಕೊಡಬಹುದು. ಆದ್ರೆ ದರ ಅದೇ.

ಆ ದರ ಕೇಳಿ. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ. ಅದೂ ಶೇ. 33ಕ್ಕಿಂತ ಕಮ್ಮಿ ಹಾಳಾಗಿದ್ರೆ ಏನೂ ಇಲ್ಲ, 2 ಹೆಕ್ಟೇರಿನ ಮೇಲೆ ಎಷ್ಟು ಹೋದ್ರೂ ಲೆಕ್ಕಕ್ಕಿಲ್ಲ. 9 ಅಡಿಗೊಂದರಂತೆ ಹಾಕಿದ್ರೆ ಹೆಕ್ಟೇರಿಗೆ ಸುಮಾರು 1,300 ಅಡಿಕೆ ಮರ. ಭಾಗಿಸಿ ನೋಡಿ. ಮರಕ್ಕೆ ಹದಿನೇಳು ರೂಪಾಯಿ. ರಾಗಿ ಹೋದ್ರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ಅಡಿಕೆ ಸಸಿ ಫಸಲಿಗೆ ಬರೋಕೆ 5ರಿಂದ 7 ವರ್ಷ ಬೇಕು. ಅಲ್ಲಿವರೆಗೂ ಮಕ್ಕಳ ಫೀಸು ಯಾರು ಕಟ್ಟೋದು?

ಭಾಗ 3
"ಗಾಳಿ ತಡೆಯೋಕಾಗುತ್ತಾ?" ಅಂತ ಕಮೆಂಟ್ ಹಾಕೋರಿಗೆ: ತಡೀರಿ ಅಂತ ಯಾರೂ ಕೇಳ್ತಿಲ್ಲ, ಲೆಕ್ಕಕ್ಕೆ ತಗೊಳ್ಳಿ ಅಂತಿದ್ದೀವಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಗಾಳಿಯ ವೇಗ ಅಳೆಯುತ್ತೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥ ಕಡೆ ಫಲಕದ ಕಾಲು ನೆಡೋಕೆ ಮುಂಚೆ ಗಾಳಿಯ ಹೊಡೆತದ ಲೆಕ್ಕ ಹಾಕ್ತಾರೆ. ಫಲಕಕ್ಕೆ ಕಾಣೋ ಗಾಳಿ ಪಕ್ಕದ ತೋಟಕ್ಕೆ ಮಾತ್ರ ಕಾಣಲ್ವಾ?

ಈ ಸಲ ಬಿದ್ರೆ, ಮರ ಕತ್ತರಿಸೋಕೆ ಮುಂಚೆ ಎಣಿಸಿ, ಫೋಟೋ ತೆಗೀರಿ. ಮಹಜರಿನಲ್ಲಿ ಗುಂಟೆ ಮಾತ್ರ ಅಲ್ಲ, ಮರದ ಸಂಖ್ಯೆಯನ್ನೂ ಬರೆಸಿ. ಗ್ರಾಮಸಭೆಯಲ್ಲಿ ಎರಡು ಸಾಲು ನಿರ್ಣಯ ಮಾಡಿಸಿ: ಬಿರುಗಾಳಿ ಪಟ್ಟಿಗೆ ಸೇರಲಿ, ಪರಿಹಾರ ಮರದ ಲೆಕ್ಕದಲ್ಲಿ ಬರಲಿ. ಪ್ರತಿಯನ್ನ ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ.

ಕಮೆಂಟಿನಲ್ಲಿ ನಿಮ್ಮ ಹೋಬಳಿ, ಬಿದ್ದ ಮರ, ಕೈಗೆ ಬಂದ ದುಡ್ಡು, ಮೂರನ್ನೂ ಹಾಕಿ.