ಉಪ್ಪಾಗೆ ಹಣ್ಣಾಗಲಿ, ಸಿಂಗಳೀಕ ಉಳಿಯಲಿ

ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ಸೀಮೆಯ ಉಪ್ಪಾಗೆ ಕೊಯ್ಯುವವರಲ್ಲಿ, ಕೊಳ್ಳುವವರಲ್ಲಿ ವಿನಂತಿ



ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಗೆ ಕುಚ್ಚಿರುವ ಬಾಲ. ಈ ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಲೋಕದ ಬೇರಾವ ಕಾಡಿನಲ್ಲೂ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಸೇರಿ ಉಳಿದಿರುವುದು ಸುಮಾರು 4,000. ಹೆಣ್ಣು ಒಮ್ಮೆಗೆ ಹೆರುವುದು ಒಂದೇ ಮರಿ. ಇನ್ನೊಂದಕ್ಕೆ ಎರಡು-ಮೂರು ವರ್ಷ ಬೇಕು. ಕಳೆದುಕೊಂಡರೆ ಬೇಗ ತುಂಬಿಕೊಳ್ಳುವ ಸಂತತಿ ಇದಲ್ಲ.

2011ರಲ್ಲಿ ಸರ್ಕಾರ ಅಘನಾಶಿನಿ ಕಣಿವೆಯನ್ನು ಸಿಂಗಳೀಕದ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 2019ರಲ್ಲಿ ಶರಾವತಿ ಕಣಿವೆಯಲ್ಲಿ ಸಿಂಗಳೀಕ ಅಭಯಾರಣ್ಯವಾಯಿತು. ಆದರೆ ನಕ್ಷೆಯಲ್ಲಿ ಗಡಿ ಇದ್ದರೆ ಹೊಟ್ಟೆ ತುಂಬದು, ಮರದಲ್ಲಿ ಹಣ್ಣಿರಬೇಕು.

ಮಳೆಗಾಲದಲ್ಲಿ ಸಿಂಗಳೀಕದ ಮುಖ್ಯ ಆಹಾರಗಳಲ್ಲಿ ಉಪ್ಪಾಗೆಯೂ ಒಂದು. ಸಿಂಗಳೀಕಕ್ಕೆ ಬೇಕಾದದ್ದು ಬೀಜಕ್ಕಂಟಿದ ತಿರುಳು, ನಮಗೆ ಬೇಕಾದದ್ದು ಹುಳಿ ಸಿಪ್ಪೆ. ಬೊಜ್ಜು ಇಳಿಸುವ ಔಷಧಿಗೆಂದು ಹೊರದೇಶಗಳಲ್ಲಿ ಸಿಪ್ಪೆಗೆ ಬೇಡಿಕೆ ಬಂದ ಮೇಲೆ ಪೈಪೋಟಿ ಶುರುವಾಯಿತು. ನಾವು ಬಿಟ್ಟರೆ ಇನ್ನೊಬ್ಬ ಕೊಯ್ದಾನು ಎಂಬ ಆತುರದಲ್ಲಿ ಹಸಿರುಕಾಯಿಯನ್ನೇ ಉದುರಿಸುತ್ತೇವೆ. ಕೈಗೆಟುಕದಿದ್ದರೆ ಟೊಂಗೆಗೇ ಕತ್ತಿ ಹಾಕುತ್ತೇವೆ. ಕಡಿದ ಟೊಂಗೆ ಮುಂದಿನ ವರ್ಷ ಕಾಯಿ ಬಿಡುವುದಿಲ್ಲ. ಸಿಂಗಳೀಕದ ಈ ಮಳೆಗಾಲದ ಊಟವೂ ಹೋಯಿತು, ನಮ್ಮ ಮುಂದಿನ ಮಳೆಗಾಲದ ದುಡ್ಡೂ ಹೋಯಿತು.

ಉಪ್ಪಾಗೆ ಕೊಯ್ಯಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಕೂಲಿ ಸಿಗದ ಮಳೆಗಾಲದಲ್ಲಿ ಎಷ್ಟೋ ಮನೆಗಳಿಗೆ ಅದು ಆಸರೆ. ಬರೀ ನಿಷೇಧ ಹೇರಿದರೆ ಕದ್ದು ಕೊಯ್ಯುವುದು ಹೆಚ್ಚೀತು, ಕಾಡು ಉಳಿಯದು. ಆತುರ ಹುಟ್ಟಿದ್ದು ನಮ್ಮ ನಮ್ಮಲ್ಲೇ; ಅದನ್ನು ನಿಲ್ಲಿಸಬೇಕಾದವರೂ ನಾವೇ. ಆದ್ದರಿಂದ:

1. ಕೊಯ್ಲು ಆರಂಭಿಸುವ ದಿನವನ್ನು ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ ಗೊತ್ತುಮಾಡೋಣ. ಅದಕ್ಕೆ ಮುಂಚೆ ಯಾರೂ ಮರ ಹತ್ತುವುದು ಬೇಡ.

2. ಹಳದಿಗೆ ತಿರುಗಿದ ಹಣ್ಣನ್ನಷ್ಟೇ ಕೊಯ್ಯೋಣ.

3. ಟೊಂಗೆ ಕಡಿಯುವುದು ಬೇಡ. ನೆತ್ತಿಯ ಹಣ್ಣು ಸಿಂಗಳೀಕದ ಪಾಲು.

4. ಸಿಪ್ಪೆ ಒಣಗಿಸಲು ಹಸಿಮರ ಕಡಿಯುವುದು ಬೇಡ. ಸೌದೆ ಉಳಿಸುವ ಒಲೆ ಹೂಡೋಣ.

5. ವ್ಯಾಪಾರಿಗಳೇ, ಎಳೆಕಾಯಿಯ ಸಿಪ್ಪೆಯನ್ನು ಯಾವ ದರಕ್ಕೂ ಕೊಳ್ಳಬೇಡಿ. ನೀವು ಕೊಳ್ಳದಿದ್ದರೆ ಯಾರೂ ಕೊಯ್ಯುವುದಿಲ್ಲ.

ಒಬ್ಬರು ಪಾಲಿಸಿ ಇನ್ನೊಬ್ಬರು ಮುರಿದರೆ ಈ ನಿಯಮ ನಿಲ್ಲದು. ಇಡೀ ಊರೇ ಒಪ್ಪಬೇಕು. ಮಳೆ ಹಿಡಿಯುವ ಮೊದಲೇ ಸಭೆ ಕರೆಯಿರಿ, ದಿನ ಗೊತ್ತುಮಾಡಿ. ಓದಿದ ಮೇಲೆ ಈ ಕರಪತ್ರವನ್ನು ನೆರೆಮನೆಗೆ ಕೊಡಿ.