ಸ್ಪೀಕರ್ ಬದಲಿಸೋ ಮೊದಲು ಪಡಸಾಲಿ ನೋಡ್ರಿ

"ಹೈದರಾಬಾದಿಗೆ ಹೋಗಿ ತಂದೀವ್ರಿ, ಲಕ್ಷಕ್ಕ ಹತ್ರ ಬಿತ್ತು. ಆದ್ರ ಹಾಡಿನ ಮಾತ ತಿಳಿವಲ್ದು ನೋಡ್ರಿ."

ನಮ್ಮ ರಾಯಚೂರು ಕಡೆ ಹೈಫೈ ಹುಚ್ಚು ಹತ್ತಿದವರ ಬಾಯಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ದೇವದುರ್ಗದಲ್ಲಿ ಕೇಳಿದ್ದೇನೆ, ಮಾನ್ವಿಯಲ್ಲಿ ಕೇಳಿದ್ದೇನೆ, ರಾಯಚೂರಿನ ಹೊಸ ಬಡಾವಣೆಗಳಲ್ಲಂತೂ ಮನೆಗೊಬ್ಬರು ಹೇಳುತ್ತಾರೆ. ಆಮೇಲೆ ಮುಂದಿನ ಪ್ರಶ್ನೆಯೂ ಒಂದೇ: "ಇದಕ್ಕಿಂತ ಛಲೋದು ಯಾವುದು ತರ್ಬೇಕ್ರಿ?"

ನನ್ನ ಉತ್ತರ ಯಾರಿಗೂ ಇಷ್ಟ ಆಗೋದಿಲ್ಲ. ಸ್ಪೀಕರ್ ಹಂಗೇ ಇರ್ಲಿ, ಕೋಣೆ ಸರಿಮಾಡ್ರಿ ಅಂತೀನಿ. ಅಂಗಡಿಯವರು ಇದನ್ನ ಹೇಳೋದಿಲ್ಲ. ಯಾಕಂದ್ರೆ ಅವರ ಹತ್ತಿರ ಕೋಣೆ ಮಾರಾಟಕ್ಕಿಲ್ಲ :-)

ವಿಷಯ ಇಷ್ಟೇ. ನಾವು ಕೇಳೋ ಶಬ್ದದಲ್ಲಿ ಸ್ವಲ್ಪ ಭಾಗ ಮಾತ್ರ ಸ್ಪೀಕರಿನಿಂದ ನೇರವಾಗಿ ಕಿವಿಗೆ ಬರುತ್ತದೆ. ಉಳಿದದ್ದು ನೆಲ, ಛಾವಣಿ, ನಾಲ್ಕು ಗೋಡೆ ಇವಕ್ಕೆ ಬಡಿದು ಬಡಿದು ಬರೋದು. ಬೋಳು ಸಿಮೆಂಟಿನ ಕೋಣೆಯಲ್ಲಿ ಸ್ಪೀಕರಿನಿಂದ ಎರಡು ಅಡಿ ದೂರ ಸರಿದರೆ ಸಾಕು, ಸ್ಪೀಕರ್ ಹೇಳೋದಕ್ಕಿಂತ ಗೋಡೆ ಹೇಳೋದೇ ಹೆಚ್ಚಾಗುತ್ತದೆ. ಎಂಟು ಅಡಿ ದೂರದ ಸೋಫಾದಲ್ಲಿ ಕೂತವರು ಲಕ್ಷದ ಸ್ಪೀಕರನ್ನ ಕೇಳುತ್ತಿಲ್ಲ, ಪುಟ್ಟಿ ಹಚ್ಚಿದ ಗೋಡೆಯನ್ನ ಕೇಳುತ್ತಿದ್ದಾರೆ.

ಒಂದು ಲೆಕ್ಕ ಮಾಡೋಣ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಹಾಲ್ ತಗೊಳ್ಳಿ. ನಮ್ಮಲ್ಲಿ ಇಂಥವು ಬೇಕಾದಷ್ಟಿವೆ. ಆರ್‌ಸಿಸಿ ಛಾವಣಿ, ವಿಟ್ರಿಫೈಡ್ ಟೈಲ್ಸ್, ನುಣ್ಣನೆ ಗೋಡೆ, ಗಾಜಿನ ಸ್ಲೈಡಿಂಗ್ ಕಿಟಕಿ. ಒಳಗಿನ ಜಾಗ ಸುಮಾರು 34 ಘನ ಮೀಟರ್, ಎಲ್ಲಾ ಮೈ ಸೇರಿ 63 ಚದರ ಮೀಟರ್. ಇಂಥ ಗಟ್ಟಿ ಮೈ ತನಗೆ ಬಡಿದ ಶಬ್ದದಲ್ಲಿ ನೂರಕ್ಕೆ ಮೂರು ಪಾಲು ಹೀರಿದರೆ ಹೆಚ್ಚು. ಅಂದ್ರೆ ಇಡೀ ಕೋಣೆ ಸೇರಿ ಎರಡು ಚದರ ಮೀಟರಿನಷ್ಟೂ ಹೀರೋದಿಲ್ಲ. ಸೂತ್ರಕ್ಕೆ ಹಾಕಿದರೆ (0.161 ಇಂಟು 34, ಭಾಗಿಸು 1.9) ಹತ್ತಿರ ಹತ್ತಿರ 2.9 ಸೆಕೆಂಡು ಬರುತ್ತದೆ. ಒಂದು ಶಬ್ದ ನಿಂತ ಮೇಲೆ ಅದರ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯೋಕೆ ಹಿಡಿಯೋ ಹೊತ್ತು ಅದು. ಅಷ್ಟರಲ್ಲಿ ಹಾಡುವವರು ಎಂಟು ಹತ್ತು ಅಕ್ಷರ ಮುಂದೆ ಹೋಗಿರುತ್ತಾರೆ. ಹಿಂದಿನ ಅಕ್ಷರದ ಬಾಲ ಮುಂದಿನದರ ಮೇಲೆ ಬಿದ್ದು ಎಲ್ಲಾ ಕಲಸಿ ಮುದ್ದೆ.

ಈ ಸೂತ್ರದ ಕಥೆ ನನಗೆ ಬಹಳ ಇಷ್ಟ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಮ್ಯೂಸಿಯಂ ಅಂತ ಹೊಸ ಕಟ್ಟಡ ಬಂತು. ಅದರ ಉಪನ್ಯಾಸದ ಹಾಲ್‌ನಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಮಾತು ಐದೂವರೆ ಸೆಕೆಂಡು ಒಳಗೇ ಸುತ್ತುತ್ತಿತ್ತು. ಇದನ್ನ ಸರಿಮಾಡು ಅಂತ ಭೌತಶಾಸ್ತ್ರದ ತರುಣ ಅಧ್ಯಾಪಕ ವಾಲೇಸ್ ಸಬೈನ್‌ಗೆ ಹೇಳಿದರು. ಆತ ಮಾಡಿದ್ದೇನು ಗೊತ್ತೇ? ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೆತ್ತೆಗಳನ್ನ ಹೊತ್ತು ತಂದು ಹಾಲ್‌ನಲ್ಲಿ ಹಾಸಿದ. ಊರೆಲ್ಲ ಮಲಗಿದ ಮೇಲೆ ರಾತ್ರಿ ಆರ್ಗನ್ ಪೈಪ್ ಊದಿಸಿ, ಶಬ್ದ ಎಷ್ಟು ಹೊತ್ತಿಗೆ ಆರಿತು ಅಂತ ಅಳೆದ. ಬೆಳಗಾಗೋದರೊಳಗೆ ಮೆತ್ತೆ ವಾಪಸ್ಸು. ಇನ್ನಷ್ಟು ಮೆತ್ತೆ ತಂದು ಇನ್ನೊಮ್ಮೆ ಅಳೆದ. ಆಮೇಲೆ ತೆರೆದ ಕಿಟಕಿಯನ್ನೇ ಅಳತೆಗೋಲು ಮಾಡಿಕೊಂಡ. ಕಿಟಕಿಯಿಂದ ಹೊರಗೆ ಹೋದ ಶಬ್ದ ತಿರುಗಿ ಬರೋದಿಲ್ಲವಲ್ಲ! ಮೂರು ವರ್ಷ ಹೀಗೆ ಹೊತ್ತು ಹೊತ್ತು 1898ರ ಹೊತ್ತಿಗೆ ಸೂತ್ರ ಕೈಗೆ ಬಂತು. ಅದೇ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು, ಇವತ್ತಿಗೂ ಜಗತ್ತಿನ ಒಳ್ಳೆಯ ಸಂಗೀತ ಸಭಾಂಗಣಗಳಲ್ಲಿ ಒಂದು ಅಂತ ಹೆಸರಿದೆ.

ಮೆತ್ತೆ, ತೆರೆದ ಕಿಟಕಿ. ಈ ಎರಡೂ ನಮ್ಮ ಹಳೇ ಮನೆಗಳಲ್ಲಿ ಇದ್ದವು ಅನ್ನೋದು ನನ್ನ ತಕರಾರು.

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆ ಕಂಡವರಿಗೆ ಇದು ತಿಳಿಯುತ್ತದೆ. ಕಲ್ಲು ಮಣ್ಣಿನ ಒರಟು ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಸಾಲು ಜಂತಿ, ಅದರ ಮೇಲೆ ಮಣ್ಣು. ಬೆಳಕಿಂಡಿ ಮೇಲಕ್ಕೆ ತೆರೆದಿರುತ್ತದೆ. ಪಡಸಾಲೆಯ ಒಂದು ಕಡೆಗೆ ಗೋಡೆಯೇ ಇರೋದಿಲ್ಲ, ನೇರ ಅಂಗಳ. ಮೂಲೆಯಲ್ಲಿ ಟ್ರಂಕಿನ ಮೇಲೆ ಎದೆಯೆತ್ತರ ಪೇರಿಸಿದ ಗಾದಿ, ಕೌದಿ. ಸಾಲು ಜಂತಿಗೆ ಬಡಿದ ಶಬ್ದ ಕನ್ನಡಿಗೆ ಬಡಿದ ಬೆಳಕಿನ ಹಾಗೆ ವಾಪಸ್ಸಾಗದೆ ಚೆದುರಿ ಹೋಗುತ್ತದೆ. ಇನ್ನು ಆ ತೆರೆದ ಅಂಗಳ... ಮೇಲಿನ ಅದೇ 12-10-10ರ ಕೋಣೆಯಲ್ಲಿ ಒಂದು ಕಡೆ ಹತ್ತು ಅಡಿ ಅಗಲ, ಎಂಟು ಅಡಿ ಎತ್ತರ ತೆರೆದಿದೆ ಅಂತ ಲೆಕ್ಕ ಹಾಕಿ ನೋಡಿ. 2.9 ಸೆಕೆಂಡು ಇದ್ದದ್ದು 0.6ಕ್ಕೆ ಇಳಿಯುತ್ತದೆ! ಇಂಥ ಪಡಸಾಲೆಯಲ್ಲಿ ಹಳೇ ಮರ್ಫಿ ರೇಡಿಯೋದಲ್ಲೂ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು ಅಂತ ಹಿರಿಯರು ಹೇಳಿದರೆ ಅದು ಬರೀ ಹಳೇ ಕಾಲದ ಮೋಹ ಅಲ್ಲ, ಗಣಿತವೂ ಹೌದು.

ಮಣ್ಣಿನ ಮನೆಗೆ ವಾಪಸ್ಸು ಹೋಗಿ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಮಾಳಿಗೆ ಸೋರಿ, ರಾತ್ರಿಯೆಲ್ಲ ಪಾತ್ರೆ ಇಟ್ಟುಕೊಂಡು ಕೂತವರ ಮುಂದೆ ಅದನ್ನ ಹೇಳೋ ಧೈರ್ಯ ಯಾರಿಗಿದೆ? ಮನೆ ಬದಲಾದಾಗ ಏನು ಕಳಕೊಂಡೆವು ಅನ್ನೋದು ಗೊತ್ತಿರಬೇಕು, ಅಷ್ಟೇ.

ನಮ್ಮ ಸೀಮೆಗೆ ಇದು ಬೇರೆಯವರಿಗಿಂತ ಹೆಚ್ಚು ಮುಖ್ಯ ಅಂತ ನನಗನ್ನಿಸುತ್ತದೆ. ವಿಜಯದಾಸರ ಚೀಕಲಪರ್ವಿ ಇರೋದು ಮಾನ್ವಿ ತಾಲೂಕಿನಲ್ಲಿ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿಯವರು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲೂಕು. ವಚನ ಗಾಯನಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರನ್ನೇ ರಾಯಚೂರಿನ ರಂಗಮಂದಿರಕ್ಕೆ ಇಟ್ಟಿದ್ದೇವೆ. ದಾಸರ ಪದ, ವಚನ, ತತ್ವಪದ ಇವೆಲ್ಲ ಮಾತು ಮುಂದೆ, ರಾಗ ಅದರ ಹಿಂದೆ ಇರೋ ಹಾಡುಗಳು. ಸಿನಿಮಾ ಹಾಡಿನಲ್ಲಿ ನಾಲ್ಕು ಅಕ್ಷರ ನುಂಗಿ ಹೋದರೂ ಕಾಲು ತಾಳ ಹಾಕುತ್ತದೆ. ದಾಸರ ಪದದಲ್ಲಿ ಒಂದು ವ್ಯಂಜನ ಹೋದರೆ ಅರ್ಥವೇ ಹೋಯಿತು. ಪ್ರತಿಧ್ವನಿ ಮೊದಲು ತಿನ್ನೋದು ಈ ವ್ಯಂಜನಗಳನ್ನೇ. ಸ್ವರಗಳು ಉದ್ದ, ಜೋರು. ಕ, ತ, ಪ, ಸ ಇವೆಲ್ಲ ಚುಟುಕು, ಮೆಲು. ಹಿಂದಿನ ಸ್ವರದ ಗುಂಯ್‌ನಲ್ಲಿ ಮುಳುಗಿಬಿಡುತ್ತವೆ. ಆಮೇಲೆ ಮಕ್ಕಳು "ಈ ಹಾಡು ಏನೂ ತಿಳಿಯಲ್ಲ" ಅಂತ ಎದ್ದು ಹೋದರೆ "ಹೊಸ ಪೀಳಿಗೆಗೆ ಅಭಿರುಚಿ ಇಲ್ಲ" ಅಂತ ನಾವು ಬ್ಲಾಗ್ ಬರೀತೀವಿ. ಅಭಿರುಚಿ ಇದೆಯೋ ಇಲ್ಲವೋ, ಮೊದಲು ಕೇಳಿಸಲಿ ಬಿಡ್ರಿ. (ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಎಣಿಸೋದು ಮಜವೇ. ಅಲ್ಲಿ ಕೂತು ವಚನ ಕೇಳಿ ಅಂದ್ರೆ ಯಾರು ಕೂರ್ತಾರೆ?)

ತಿಳಿಯದಿದ್ದಾಗ ಎಲ್ಲರೂ ಮಾಡೋ ಮೊದಲ ಕೆಲಸ ವಾಲ್ಯೂಮ್ ಏರಿಸೋದು. ಸ್ಪೀಕರ್ ಎಷ್ಟು ಜೋರಾಯಿತೋ ಗೋಡೆಯೂ ಅಷ್ಟೇ ಜೋರು. ಪಕ್ಕದ ಮನೆಯವರಿಗೆ ಮಾತ್ರ ಲಾಭ. ಎರಡನೆಯದು ಗೋಡೆಗೆ ಥರ್ಮೊಕೋಲ್ ಅಂಟಿಸೋದು, ಇಲ್ಲಾ ಮೊಟ್ಟೆ ಟ್ರೇ. ಥರ್ಮೊಕೋಲಿನೊಳಗೆ ಗಾಳಿ ಆಡೋದಿಲ್ಲ, ಅದು ಶಬ್ದ ಹೀರೋದು ಅಷ್ಟಕ್ಕಷ್ಟೇ. ಮೊಟ್ಟೆ ಟ್ರೇ ಬರೀ ತೆಳು ರಟ್ಟು. ತೆಳು ಪರದೆ ಬಿಟ್ಟರೆ ಮೇಲಿನ ಚುರುಕು ಶಬ್ದ ಮಾತ್ರ ಸಾಯುತ್ತದೆ, ಕೆಳಗಿನ ಗುಂಯ್ ಹಾಗೇ ಉಳಿದು ಹಾಡುಗಾರನಿಗೆ ನೆಗಡಿ ಆದಂತೆ ಕೇಳುತ್ತದೆ. ಈಗ ಮೈಕ್ ಇಟ್ಟು ತಾನೇ ಸರಿಮಾಡಿಕೊಳ್ಳುವ ಆಂಪ್ಲಿಫೈಯರುಗಳೂ ಇವೆ. ಅವು ಕೆಳಸ್ವರದ ಉಬ್ಬನ್ನ ಒಂದಿಷ್ಟು ತಗ್ಗಿಸುತ್ತವೆ, ಅದು ನಿಜ. ಆದರೆ ಗೋಡೆಯಿಂದ ಗೋಡೆಗೆ ಓಡಾಡೋ ಅಕ್ಷರದ ಬಾಲವನ್ನ ಕತ್ತರಿಸೋ ಸಾಫ್ಟ್‌ವೇರ್ ನಾನಂತೂ ಕಂಡಿಲ್ಲ.

ಹಾಗಾದ್ರೆ ಏನು ಮಾಡೋದು? ಹತ್ತಿ ಬೆಳೆಯೋ ಜಿಲ್ಲೆಯಲ್ಲಿ ಕೂತು ಈ ಪ್ರಶ್ನೆ ಕೇಳಬೇಕೇ! ರಾಯಚೂರು ಮಾರುಕಟ್ಟೆಗೆ ಸುಗ್ಗಿಯಲ್ಲಿ ಗಾಡಿಗಟ್ಟಲೆ ಹತ್ತಿ ಬರುತ್ತದೆ. ಶಬ್ದ ಹೀರೋಕೆ ಬೇಕಾದ್ದು ಒಳಗೆ ಗಾಳಿ ಓಡಾಡುವಂಥ ಎಳೆ ಎಳೆ ವಸ್ತು. ಶಬ್ದವೆಂದರೆ ಗಾಳಿಯ ಅಲುಗಾಟ, ಅದು ಎಳೆಗಳ ನಡುವೆ ತಿಕ್ಕಿ ತಿಕ್ಕಿ ಶಾಖವಾಗಿ ಆರಿಹೋಗುತ್ತದೆ. ಹಿಂಜಿದ ಹತ್ತಿ ಇದಕ್ಕೆ ಹೇಳಿ ಮಾಡಿಸಿದ್ದು. ವರ್ಷಗಟ್ಟಲೆ ಮಲಗಿ ಕಲ್ಲಾದ ಗಾದಿ ಅಷ್ಟು ಕೆಲಸ ಮಾಡೋದಿಲ್ಲ, ಪಿಂಜಾರರಿಂದ ಇನ್ನೊಮ್ಮೆ ಹಿಂಜಿಸಬೇಕು. ಆರು ಅಡಿ ಮೂರು ಅಡಿಯ ನಾಲ್ಕಿಂಚು ದಪ್ಪದ ನಾಲ್ಕು ಗಾದಿ ಗೋಡೆಗೆ ನಿಲ್ಲಿಸಿ, ಮೂರು ಮಂದಿ ಕೂತರೆ (ಮನುಷ್ಯರೂ ಒಳ್ಳೆಯ ಮೆತ್ತೆಗಳೇ) ನಮ್ಮ ಆ ಸಿಮೆಂಟ್ ಹಾಲ್‌ನ 2.9 ಸೆಕೆಂಡು 0.6ರ ಸುತ್ತಮುತ್ತ ಬಂದು ನಿಲ್ಲುತ್ತದೆ. ತೆರೆದ ಪಡಸಾಲೆಯದೂ ಅಷ್ಟೇ ಇತ್ತಲ್ಲ!

ಗಾದಿ ನಿಲ್ಲಿಸಿದರೆ ಮನೆಯವರು ಬೈತಾರೆ ಅನ್ನೋರಿಗೆ: ನಾಲ್ಕಡಿ ಎರಡಡಿಯ ಕಟ್ಟಿಗೆ ಚೌಕಟ್ಟು ಮಾಡಿಸಿ, ಹಿಂದೆ ಜಾಳಿಗೆ ಹೊಡೆದು, ಹಿಂಜಿದ ಹತ್ತಿ ತುಂಬಿ, ಮೇಲೆ ಖಾದಿ ಬಟ್ಟೆ ಬಿಗಿಸಿ. ಬಾಯಿಂದ ಊದಿದರೆ ಗಾಳಿ ದಾಟುವಂಥ ಬಟ್ಟೆ ಇರಲಿ, ರೆಕ್ಸಿನ್ ಬೇಡ. ಗೋಡೆಗೆ ಅಂಟಿಸದೆ ಮೂರ್ನಾಲ್ಕು ಇಂಚು ಬಿಟ್ಟು ತೂಗುಹಾಕಿದರೆ ಇನ್ನೂ ಕೆಳಗಿನ ಸ್ವರದವರೆಗೆ ಹೀರುತ್ತದೆ. ಎಲ್ಲಿ ಹಾಕಬೇಕು ಅನ್ನೋದಕ್ಕೆ ಒಂದು ಸುಲಭ ಉಪಾಯ. ನೀವು ಕೂತಲ್ಲೇ ಕೂತು, ಇನ್ನೊಬ್ಬರಿಗೆ ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸ್ತಾ ಹೋಗು ಅನ್ನಿ. ಎಲ್ಲಿ ಕನ್ನಡಿಯಲ್ಲಿ ಸ್ಪೀಕರ್ ಕಾಣಿಸಿತೋ ಅಲ್ಲಿ ಮೊದಲ ಚೌಕಟ್ಟು.

ಕೆಳಸ್ವರದ ಕಥೆ ಮಾತ್ರ ಬೇರೆ, ಅದು ಕೋಣೆಯ ಅಳತೆಗೆ ಕಟ್ಟುಬಿದ್ದದ್ದು. ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್ ಹತ್ತಿರದ ಸ್ವರ ನಿಂತುಬಿಡುತ್ತದೆ. (ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಶಬ್ದವೇ ವೇಗವಾಗಿ ಓಡೋದರಿಂದ ಅದು 58 ಆಗುತ್ತದೆ. ಬಿಸಿಲಿಗೆ ಎಲ್ಲರೂ ಓಡೋರೇ!) ಅಗಲವೂ ಹತ್ತು, ಎತ್ತರವೂ ಹತ್ತು ಇದ್ದರೆ ಎರಡೂ ಒಂದೇ ಸ್ವರಕ್ಕೆ ಜೋತುಬಿದ್ದು ಡಬಲ್ ಗುಂಯ್. ಅದಕ್ಕೇ ಹೊಸ ಮನೆ ಕಟ್ಟಿಸೋರಿಗೆ ನನ್ನ ಒಂದೇ ಬೇಡಿಕೆ: ಹಾಲ್ ಚೌಕಾಕಾರ ಬೇಡ. ಎತ್ತರ ಹತ್ತಿದ್ದರೆ ಅಗಲ ಹನ್ನೆರಡು, ಉದ್ದ ಹದಿನೈದು, ಹೀಗೆ ಮೂರೂ ಬೇರೆ ಬೇರೆ ಇರಲಿ. ವಾಸ್ತುವಿಗೆ, ಆಯಕ್ಕೆ ಅಂತ ಬಾಗಿಲನ್ನೇ ಸರಿಸುವವರು ಕಿವಿಗೆ ಅಂತ ಎರಡಡಿ ಸರಿಸಲಾರರೇ? ಕಟ್ಟಿ ಮುಗಿದ ಮನೆಯಾದರೆ ಸ್ಪೀಕರನ್ನ ಮೂಲೆಯಿಂದ, ಶೋಕೇಸ್ ಒಳಗಿಂದ ಈಚೆ ತೆಗೀರಿ. ಮೂಲೆಗೆ ಸುರುಳಿ ಸುತ್ತಿದ ಗಾದಿಗಳನ್ನ ಆದಷ್ಟು ಎತ್ತರ ಪೇರಿಸಿ, ಹೆಂಗೂ ಬಂದವರಿಗೆ ಹಾಸೋಕೆ ಬೇಕಲ್ಲ. ನೀವೂ ಗೋಡೆಗೆ ತಲೆ ಆನಿಸಿ ಕೂರಬೇಡಿ, ಅಲ್ಲಿ ಗುಂಯ್ ಎಲ್ಲಕ್ಕಿಂತ ಜಾಸ್ತಿ. ಕೋಣೆಯ ನಟ್ಟನಡುವೆಯೂ ಬೇಡ, ಅಲ್ಲಿ ಅದೇ ಸ್ವರ ಪೂರ್ತಿ ಮಾಯ. ಡಗ್ಗಾ ಇದ್ದೂ ಇಲ್ಲದ ಹಾಗೆ.

ಕೋಣೆಯನ್ನ ಪೂರ್ತಿ ಹತ್ತಿಯಲ್ಲಿ ಮುಚ್ಚಿಬಿಡಬೇಡಿ ಮತ್ತೆ. ಪ್ರತಿಧ್ವನಿ ಒಂಚೂರೂ ಇಲ್ಲದ ಕೋಣೆಯಲ್ಲಿ ತಂಬೂರಿಯೂ ಬಡಕಲಾಗುತ್ತದೆ. ಹತ್ತಿಗೆ ಬೆಂಕಿ ಬೇಗ ಹತ್ತುತ್ತದೆ ಅನ್ನೋದೂ ನೆನಪಿರಲಿ. ಸ್ವಿಚ್‌ಬೋರ್ಡಿನಿಂದ, ದೇವರ ದೀಪದಿಂದ ದೂರ ಇಡಿ.

ನಿಮ್ಮಲ್ಲಿ ಯಾರ ಊರಲ್ಲಾದರೂ ಮಣ್ಣಿನ ಮಾಳಿಗೆಯ ಮನೆ ಇನ್ನೂ ನಿಂತಿದ್ದರೆ, ಮುಂದಿನ ಸಲ ಹೋದಾಗ ಪಡಸಾಲೆಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ವಾಪಸ್ಸು ಬಂದು ನಿಮ್ಮ ಹಾಲ್‌ನಲ್ಲೂ ಹಾಗೇ ಒಂದು ಹೊಡೆಯಿರಿ. ಎರಡನ್ನೂ ಕೇಳಿ, ಏನನ್ನಿಸಿತು ಅಂತ ಕಾಮೆಂಟಿನಲ್ಲಿ ಬರೆಯಿರಿ.